ಆಧಾರ್ ಬೆರಳಚ್ಚಿಗೆ ಬೀಗ: ಹಾಕುವುದು ಹೇಗೆ, ತೆಗೆಯುವುದು ಹೇಗೆ?

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹಳ್ಳಿಗಳಲ್ಲಿ ಬಹಳ ಜನರಿಗೆ ಈಗ ಬ್ಯಾಂಕ್ ಅಂದರೆ ಊರಿನ ಅಂಗಡಿಯಲ್ಲಿರುವ ಸಣ್ಣ ಯಂತ್ರ. ಆಧಾರ್ ನಂಬರ್ ಮತ್ತು ಬ್ಯಾಂಕಿನ ಹೆಸರು ಹೇಳಿ ಹೆಬ್ಬೆಟ್ಟು ಒತ್ತಿದರೆ ದುಡ್ಡು ಕೈಗೆ ಬರುತ್ತದೆ. ಪಿನ್ ಬೇಡ, ಒಟಿಪಿ ಬೇಡ. ಗೃಹಲಕ್ಷ್ಮಿ ಹಣ, ಉದ್ಯೋಗ ಖಾತ್ರಿ ಕೂಲಿ, ಪಿಂಚಣಿ ಎಲ್ಲ ಹೀಗೇ ಬಿಡಿಸಿಕೊಳ್ಳುತ್ತಾರೆ. ಅನುಕೂಲವೇನೋ ಹೌದು. ಆದರೆ ನಿಮ್ಮ ಬೆರಳಚ್ಚಿನ ನಕಲು ಕಳ್ಳನಿಗೆ ಸಿಕ್ಕರೆ ಅವನಿಗೂ ಅಷ್ಟೇ ಸಲೀಸು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹೀಗೇ ಹಣ ಹೋಗಿತ್ತು.

ಇದಕ್ಕೆ ಮದ್ದು ಆಧಾರ್‌ನಲ್ಲೇ ಇದೆ, ಅದೂ ಪುಕ್ಕಟೆ. ಬಯೊಮೆಟ್ರಿಕ್ ಲಾಕ್ ಅಂತ ಅದರ ಹೆಸರು.

ಮೊದಲು, ಆಧಾರ್‌ಗೆ ನಿಮ್ಮದೇ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು. ಸೈಬರ್ ಸೆಂಟರ್‌ನವರ ನಂಬರ್ ಅಂತೂ ಬೇಡವೇ ಬೇಡ. ಜೋಡಣೆ ಆಗಿಲ್ಲವಾದರೆ ಆಧಾರ್ ಕೇಂದ್ರಕ್ಕೆ ನೀವೇ ಹೋಗಿ ಮಾಡಿಸಿ.

ಆಮೇಲೆ ಆಧಾರ್ ಆ್ಯಪ್‌ನಲ್ಲಿ ಅಥವಾ ಮೈ ಆಧಾರ್ ವೆಬ್‌ಸೈಟ್‌ನಲ್ಲಿ ಒಟಿಪಿ ಹಾಕಿ ಒಳಗೆ ಹೋಗಿ. ಬಯೊಮೆಟ್ರಿಕ್ ಲಾಕ್ ಒತ್ತಿ. ಅಷ್ಟೇ. ಇನ್ನು ಯಾವ ಯಂತ್ರವೂ ನಿಮ್ಮ ಬೆರಳು, ಕಣ್ಣು, ಮುಖ ಒಪ್ಪುವುದಿಲ್ಲ. ಅಲ್ಲೇ ಹತ್ತಿರದಲ್ಲಿ ಆಧಾರ್ ಲಾಕ್ ಅಂತ ಇನ್ನೊಂದು ಇರುತ್ತದೆ. ಅದು ನಂಬರನ್ನೇ ಮುಚ್ಚುತ್ತದೆ, ಮತ್ತೆ ತೆಗೆಯಲು ವರ್ಚುವಲ್ ಐಡಿ (ಆಧಾರ್ ನಂಬರ್ ಬದಲು ಬಳಸುವ ಇನ್ನೊಂದು ನಂಬರ್) ಬೇಕು. ಅದಕ್ಕೆ ಕೈ ಹಾಕಬೇಡಿ.

ಜನ ಎಡವುವುದು ಲಾಕ್ ಹಾಕುವಾಗ ಅಲ್ಲ, ಮುಂದಿನ ತಿಂಗಳು ರೇಷನ್ ಅಂಗಡಿಯಲ್ಲಿ. ಹೆಬ್ಬೆಟ್ಟು ಒತ್ತಿದ ಕೂಡಲೇ ಯಂತ್ರದಲ್ಲಿ 330 ಅಂತ ಎರರ್ ಬರುತ್ತದೆ. ಅಂಗಡಿಯವರು "ನಿನ್ನ ಆಧಾರ್ ಬಂದ್ ಆಗೈತವ್ವಾ" ಅಂದುಬಿಡುತ್ತಾರೆ. ಹಿಂದೆ ಪಾಳಿ ನಿಂತವರು ಗೊಣಗುತ್ತಾರೆ. ಆ ಅಕ್ಕ ಗಾಬರಿಯಾಗಿ ಸೈಬರ್ ಸೆಂಟರ್‌ಗೆ ಓಡುತ್ತಾಳೆ. ಅವರು ಲಾಕನ್ನು ಕಾಯಂ ಆಗಿ ತೆಗೆದು ಕಳಿಸುತ್ತಾರೆ. ಅಕ್ಕಿ ಸಿಕ್ಕಿತು ಅಂತ ಮನೆಗೆ ಬಂದವಳಿಗೆ ಲಾಕ್ ಮತ್ತೆ ನೆನಪಾಗುವುದಿಲ್ಲ. ಇದನ್ನು ನೋಡಿ ನೋಡಿ ಬೇಜಾರಾಗಿದೆ.

330 ಅಂದರೆ ಆಧಾರ್ ಕೆಟ್ಟಿಲ್ಲ, ನೀವು ಹಾಕಿದ ಬೀಗ ಸರಿಯಾಗಿ ಕೂತಿದೆ ಅಂತ ಅರ್ಥ. ತೆಗೆಯುವಾಗ ಎರಡು ಆಯ್ಕೆ ಬರುತ್ತವೆ: ತಾತ್ಕಾಲಿಕ, ಕಾಯಂ. ಯಾವಾಗಲೂ ತಾತ್ಕಾಲಿಕವನ್ನೇ ಒತ್ತಿ. ಹತ್ತು ನಿಮಿಷ ತೆರೆದಿರುತ್ತದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಮನೆಯಲ್ಲೇ ತೆರೆದು ಹೊರಟರೆ ಅಂಗಡಿ ಮುಟ್ಟುವಷ್ಟರಲ್ಲಿ ಮುಚ್ಚಿರುತ್ತದೆ. ಮುಂದೆ ಇಬ್ಬರು ಇದ್ದಾರೆ ಅನ್ನುವಾಗ ಒಟಿಪಿ ತರಿಸಿಕೊಳ್ಳಿ. ಅಂಗಡಿಯೊಳಗೆ ಸಿಗ್ನಲ್ ಇಲ್ಲದಿದ್ದರೆ ಹೊರಗೆ ಬಂದು ತೆರೆದು ಒಳಗೆ ಹೋಗಿ. ಅಜ್ಜ ಅಜ್ಜಿ ಒಬ್ಬರೇ ಹೋಗಿದ್ದು, ಒಟಿಪಿ ಬರುವ ಫೋನ್ ಮನೆಯಲ್ಲಿದ್ದರೆ, ಪಾಳಿ ಹತ್ತಿರ ಬಂದಾಗ ಮನೆಗೆ ಫೋನ್ ಮಾಡಲಿ, ಮಕ್ಕಳು ಮನೆಯಿಂದಲೇ ತೆರೆಯಲಿ. ಒಂದೆರಡು ತಿಂಗಳು ಕಿರಿಕಿರಿ, ಆಮೇಲೆ ರೂಢಿಯಾಗುತ್ತದೆ.

ಇನ್ನು ಜೆರಾಕ್ಸ್. ತಹಶೀಲ್ದಾರ್ ಕಚೇರಿ ಮುಂದಿನ ಅಂಗಡಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಆಧಾರ್ ಕಳಿಸಿ ಪ್ರಿಂಟ್ ತೆಗೆಸುವವರೇ ಜಾಸ್ತಿ. ನಿಮ್ಮ ಕೆಲಸ ಮುಗಿದರೂ ಫೈಲ್ ಅವರ ಕಂಪ್ಯೂಟರ್‌ನಲ್ಲೇ ಇರುತ್ತದೆ, ನಿಂತು ಅಳಿಸಿಸಿ. ಗುರುತಿಗೆ ಕೇಳಿದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅಂಗಡಿಯಲ್ಲಿ ಮಾಡಿಕೊಡುವ ಹೊಳೆಯುವ ಪ್ಲಾಸ್ಟಿಕ್ ಕಾರ್ಡ್ ತಗೋಬೇಡಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವೆಬ್‌ಸೈಟ್‌ನಲ್ಲಿ ಆರ್ಡರ್ ಮಾಡಿದರೆ ಅಸಲಿ ಪಿವಿಸಿ ಕಾರ್ಡ್ ಅಂಚೆಯಲ್ಲಿ ಮನೆಗೇ ಬರುತ್ತದೆ.

ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ.

ಹಣ ಹೋಗಿಯೇಬಿಟ್ಟರೆ? ಊರವರನ್ನೆಲ್ಲ ಕೇಳುತ್ತಾ ಕೂರಬೇಡಿ. ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ವಹಿವಾಟಿನ ನಂಬರ್ ಕೈಯಲ್ಲಿಟ್ಟುಕೊಂಡು ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದೆ ದಾಟುವ ಮೊದಲೇ ತಡೆಯುವ ಅವಕಾಶ ಜಾಸ್ತಿ. ಆ ಕೂಡಲೇ ಬಯೊಮೆಟ್ರಿಕ್ ಲಾಕ್ ಹಾಕಿ.

ನಂತರ ಬ್ಯಾಂಕ್. ಇಲ್ಲಿ ಬಾಯಿಮಾತು ನಡೆಯುವುದಿಲ್ಲ. "ನೋಡ್ತೀವಿ, ಹೋಗಿ ಬರ್ರಿ" ಅಂದರೆ ವಾಪಸ್ ಬರಬೇಡಿ. ಬಿಳಿ ಹಾಳೆಯಲ್ಲಿ ಬರೆದು, ಪಾಸ್‌ಬುಕ್ ಎಂಟ್ರಿಯ ಪ್ರತಿ ಲಗತ್ತಿಸಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದೆ ಹೊರಗಿನವರಿಂದ ಮೋಸ ಆಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ನಷ್ಟದ ಹೊರೆ ಬೀಳಬಾರದು. ಆ ತಾರೀಖಿಗೆ ಸಾಕ್ಷಿ ನಿಮ್ಮ ಹತ್ತಿರದ ಸೀಲು ಮಾತ್ರ. ಮೆಸೇಜ್ ಬರುವ ಹಾಗೆ ಖಾತೆಗೂ ನಂಬರ್ ಜೋಡಿಸಿಕೊಳ್ಳಿ. ಎಷ್ಟೋ ಜನರಿಗೆ ಕಳವು ಗೊತ್ತಾಗುವುದೇ ಪಾಸ್‌ಬುಕ್ ಪ್ರಿಂಟ್ ಹಾಕಿಸಿದಾಗ. ಬ್ಯಾಂಕ್ 30 ದಿನವಾದರೂ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಿ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲೂ ದೂರು ದಾಖಲಿಸಿ.

ಹಣ ಹೋಗುವ ಬದಲು ನಿಮ್ಮ ಹೆಸರಲ್ಲಿ ಯಾರೋ ಸಾಲ ಎತ್ತಿರುವುದೂ ಉಂಟು. ಎಲ್ಲರ ಸಾಲದ ಲೆಕ್ಕ ಇಡುವ ಸಂಸ್ಥೆಗಳು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಮ್ಮೆ ನಿಮ್ಮ ಸಾಲದ ವರದಿಯನ್ನು ಪುಕ್ಕಟೆ ಕೊಡಬೇಕು. ದುಡ್ಡು ಕೇಳುವ ಆ್ಯಪ್ ಬೇಡ, ಅವರದ್ದೇ ವೆಬ್‌ಸೈಟ್ ಸಾಕು. ಮೈಕ್ರೋ ಫೈನಾನ್ಸ್‌ನ ಗುಂಪು ಸಾಲದ ಅನುಮಾನವಿದ್ದರೆ ಕ್ರಿಫ್ ಹೈ ಮಾರ್ಕ್‌ನದ್ದು ಮೊದಲು ತೆಗೆಸಿ. ನಿಮ್ಮದಲ್ಲದ ಸಾಲ ಕಂಡರೆ ಅದೇ ವೆಬ್‌ಸೈಟ್‌ನಲ್ಲಿ ತಕರಾರು ಹಾಕಿ, ಸಾಲ ಕೊಟ್ಟವರಿಗೂ ಪೊಲೀಸ್ ದೂರಿನ ಪ್ರತಿ ಸೇರಿಸಿ ಬರೆಯಿರಿ. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ.