ಹಳೆಯ ಸಣ್ಣ ಕಾರಿನ ಮುಂದಿನ ಶಾಕರ್, ಲೋಯರ್ ಆರ್ಮ್, ಬ್ರೇಕ್ ಬದಲಿಸುವುದು ಹೇಗೆ

ಹತ್ತು ಹನ್ನೆರಡು ವರ್ಷ ಓಡಿದ ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ ಕಾರುಗಳ ಮುಂಭಾಗದಲ್ಲಿ ಕಟಕಟ ಸದ್ದು ಶುರುವಾದರೆ ಸೀದಾ ಶಾಕರ್ (ಶಾಕ್ ಅಬ್ಸಾರ್ಬರ್) ಬದಲಿಸುವುದು ರೂಢಿ. ಎಷ್ಟೋ ಸಲ ಹೊಸ ಶಾಕರ್ ಹಾಕಿದ ಮೇಲೂ ಸದ್ದು ಹಾಗೇ ಉಳಿಯುತ್ತದೆ. ಸವೆದಿರುವುದು ಲೋಯರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಚಾಸಿಗೆ ಹಿಡಿದಿರುವ ತೋಳಿನ) ರಬ್ಬರ್ ಬುಷ್ಷೋ ತುದಿಯ ಬಾಲ್ ಜಾಯಿಂಟೋ ಆಗಿರುತ್ತದೆ, ಇಲ್ಲವೇ ಶಾಕರಿನ ತಲೆಯ ಮೇಲಿರುವ ರಬ್ಬರ್ ಮೌಂಟ್ ಹೋಗಿರುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಅರ್ಧ ಗಂಟೆ ಪರೀಕ್ಷೆಗೆ ಕೊಡಿ.

ಚಕ್ರವನ್ನು ಎತ್ತಿ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್ ಹೋಗಿದೆ, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಸಿಕ್ಕಿದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳು ಚಕ್ರಕ್ಕೆ ಸೇರುವ ತುದಿ) ನೋಡಿ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ 'ಟಣ್' ಎಂದು ಜಿಗಿದರೆ ಮೌಂಟ್ ಬೇರಿಂಗ್ ಹಿಡಿದುಕೊಂಡಿದೆ. ಶಾಕರಿನ ಮೈಮೇಲೆ ಎಣ್ಣೆ ಇಳಿದಿದ್ದರೆ ಮಾತ್ರ ಸಂಶಯವಿಲ್ಲದೆ ಶಾಕರನ್ನೇ ದೂರಿ.

ಬೇಕಾಗುವ ಸಾಮಾನು: ಶಾಕರ್ 2, ಬೇರಿಂಗ್ ಸಹಿತ ಮೌಂಟ್ 2, ಬಂಪ್ ಸ್ಟಾಪ್ (ಶಾಕರ್ ರಾಡಿನ ರಬ್ಬರ್ ತಡೆ) ಮತ್ತು ಡಸ್ಟ್ ಕವರ್ 2 ಜೊತೆ, ಲೋಯರ್ ಆರ್ಮ್ 2, ಡಿಸ್ಕ್ 2, ಪ್ಯಾಡ್ ಒಂದು ಸೆಟ್ (4 ಪ್ಯಾಡ್), ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ರಬ್ಬರ್ ಕಿಟ್ 2, ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಆಯಿಲ್ ಅರ್ಧ ಲೀಟರ್. ಒಂದೇ ಬದಿಗೆ ಹಾಕಬೇಡಿ. ಒಂದು ಶಾಕರ್ ಹೊಸದು, ಇನ್ನೊಂದು ಹಳತಾದರೆ ಕಾರು ತಿರುವಿನಲ್ಲಿ ಎರಡು ಕಡೆಗೂ ಒಂದೇ ಥರ ನಿಲ್ಲುವುದಿಲ್ಲ. ಬ್ರೇಕಿನಲ್ಲಂತೂ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇವೆಲ್ಲ ಒಂದೇ ಕಡೆ ಸಿಗುತ್ತವೆ. ಬೇರೆಲ್ಲಿ ಉಳಿಸಿದರೂ ಪ್ಯಾಡಿನಲ್ಲಿ ಉಳಿಸಬೇಡಿ, ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಚಕ್ರ ನೆಲದಲ್ಲಿರುವಾಗಲೇ ವೀಲ್ ನಟ್ ಸಡಿಲಿಸಿ, ಆಮೇಲೆ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಇಟ್ಟಿಗೆ, ಕಲ್ಲು, ಸ್ಟೆಪ್ನಿ ಇವು ಯಾವುವೂ ಸ್ಟ್ಯಾಂಡ್ ಅಲ್ಲ. ಮಂಗಳೂರು, ಉಡುಪಿ ಕಡೆಯ ಉಪ್ಪು ಗಾಳಿ ತಿಂದ ಕಾರಾದರೆ ಬೋಲ್ಟುಗಳಿಗೆಲ್ಲ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಆದರೆ ಅದು ಡಿಸ್ಕಿಗೂ ಪ್ಯಾಡಿಗೂ ತಾಗಬಾರದು.

ಕ್ಯಾಲಿಪರ್ ಬಿಚ್ಚಿದ ಕೂಡಲೇ ತಂತಿಯಿಂದ ಕಾರಿನ ಚಾಸಿಗೆ ಕಟ್ಟಿ. ಬ್ರೇಕ್ ಆಯಿಲ್ ಹೋಸಿನಲ್ಲಿ ನೇತಾಡಿದರೆ ಒಳಪದರ ಹರಿಯುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ. ಶಾಕರನ್ನು ನಕಲ್‌ಗೆ (ಚಕ್ರದ ಹಬ್ ಹೊತ್ತಿರುವ ಲೋಹದ ಭಾಗಕ್ಕೆ) ಹಿಡಿದಿರುವ ಎರಡು ಬೋಲ್ಟ್ ಬಿಚ್ಚುವ ಮೊದಲು ಅವುಗಳ ತಲೆಯ ಸುತ್ತ ಬಣ್ಣದಲ್ಲಿ ಗೆರೆ ಎಳೆಯಿರಿ. ತೂತಿನಲ್ಲಿ ಜಾಗವಿರುವ ಕಾರುಗಳಲ್ಲಿ ಕ್ಯಾಂಬರ್ (ಚಕ್ರ ಒಳಗೆ ಅಥವಾ ಹೊರಗೆ ವಾಲಿರುವ ಕೋನ) ಅಲ್ಲಿಯೇ ಬದಲಾಗುತ್ತದೆ. ಬಿಚ್ಚಿದ ಮೇಲೆ ನಕಲ್ ಹೊರಗೆ ವಾಲದಂತೆ ಅದನ್ನೂ ಕಟ್ಟಿಡಿ, ಇಲ್ಲದಿದ್ದರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಕಳಚಿಕೊಳ್ಳಬಹುದು.

ಬಾನೆಟ್ ಕೆಳಗೆ ಬಿಚ್ಚಬೇಕಾದದ್ದು ಶಾಕರ್ ಮೌಂಟಿನ ಸುತ್ತಲಿನ ನಟ್‌ಗಳನ್ನು ಮಾತ್ರ. ನಡುವಿನ ದೊಡ್ಡ ನಟ್ ಸ್ಪ್ರಿಂಗಿನ ಇಡೀ ಬಲವನ್ನು ಹಿಡಿದು ನಿಂತಿದೆ. ಶಾಕರ್ ಹೊರಬಂದ ಮೇಲೆ ಎದುರುಬದುರು ಎರಡು ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಎರಡನ್ನೂ ನಾಲ್ಕು ನಾಲ್ಕು ಸುತ್ತು ಸರದಿಯಂತೆ ಬಿಗಿಯಿರಿ. ಸ್ಪ್ರಿಂಗ್ ಮೌಂಟಿನ ತಟ್ಟೆಯಿಂದ ಬಿಟ್ಟು ಸಡಿಲವಾಗಿ ಅಲ್ಲಾಡುವವರೆಗೆ ಆ ನಟ್ ಮುಟ್ಟಬೇಡಿ. ಈ ಇಡೀ ಕೆಲಸದಲ್ಲಿ ಜೀವಕ್ಕೆ ಕುತ್ತು ತರುವ ಘಟ್ಟ ಇದೇ. ಕಂಪ್ರೆಸರ್ ಇಲ್ಲದಿದ್ದರೆ ಈ ಭಾಗವನ್ನು ಗ್ಯಾರೇಜಿಗೆ ಒಯ್ದು ಮಾಡಿಸಿಕೊಂಡು ಬನ್ನಿ.

ಹೊಸ ಶಾಕರನ್ನು ನೆಟ್ಟಗೆ ನಿಲ್ಲಿಸಿ ರಾಡನ್ನು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದರೆ ಒಳಗಿನ ಗಾಳಿ ಹೋಗುತ್ತದೆ. ನಟ್ ಬಿಗಿಯುವಾಗ ರಾಡ್ ತಿರುಗಿತೆಂದು ಅದನ್ನು ಪ್ಲೈಯರಿನಲ್ಲಿ ಹಿಡಿಯಬೇಡಿ. ಒಂದು ಗೀರು ಬಿದ್ದರೂ ಅದು ಸೀಲನ್ನು ಕೊರೆದು ಹೊಸ ಶಾಕರ್ ಬೇಗನೆ ಎಣ್ಣೆ ಕಾರುತ್ತದೆ. ಸ್ಪ್ರಿಂಗಿನ ಕೆಳತುದಿ ತಟ್ಟೆಯ ಮೆಟ್ಟಿಲಿಗೆ ತಾಗಿ ಕೂರಬೇಕು.

ಇನ್ನು ಲೋಯರ್ ಆರ್ಮ್. ಆಲ್ಟೊದಂಥ ಕಾರಿನಲ್ಲಿ ಅದರ ಬಾಲ್ ಜಾಯಿಂಟಿನ ಕಂಬಕ್ಕೆ ಒಂದು ಕಚ್ಚು ಇದ್ದು, ಕ್ಲ್ಯಾಂಪ್ ಬೋಲ್ಟ್ ಅದರೊಳಗೆ ಹಾದುಹೋಗುತ್ತದೆ. ಬೋಲ್ಟನ್ನು ಬರೀ ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಇದು ಗೊತ್ತಿಲ್ಲದೆ ಸುತ್ತಿಗೆಯಿಂದ ಬಡಿದು ನಕಲ್ ಹಾಳು ಮಾಡಿಕೊಳ್ಳುವವರು ಬಹಳ.

ಲೋಯರ್ ಆರ್ಮ್ ಕೂರಿಸಿದ ಮೇಲೆ ಬುಷ್ ಬೋಲ್ಟುಗಳನ್ನು ಕೈಬಿಗಿಯಷ್ಟೇ ಮಾಡಿ ಬಿಡಿ. ಚಕ್ರ ಹಾಕಿ, ಕಾರು ನೆಲಕ್ಕಿಳಿದು, ಪೂರ್ತಿ ಭಾರ ಬಿದ್ದ ಮೇಲೆ ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಟಾರ್ಕಿಗೆ (ಬಿಗಿಯುವ ಬಲದ ಅಳತೆಗೆ) ಬಿಗಿಯಿರಿ. ಬುಷ್ಷಿನ ರಬ್ಬರ್ ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಆರ್ಮ್ ನೇತಾಡುತ್ತಿರುವಾಗ ಬಿಗಿದರೆ ಕಾರು ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ನಮ್ಮ ಹಂಪ್‌ಗಳ ಮೇಲೆ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹೊಸ ಬುಷ್ ಬಾಳಲಿಲ್ಲ ಎಂಬ ದೂರುಗಳಲ್ಲಿ ಬಹುಪಾಲಿನ ಮೂಲ ಇಲ್ಲಿದೆ.

ಇನ್ನು ಬ್ರೇಕ್. ಡಿಸ್ಕ್ ಎಷ್ಟು ತೆಳ್ಳಗಾಗಬಹುದು ಎಂಬ ಕನಿಷ್ಠ ಅಳತೆ ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತದೆ. ಅಂಚಿನ ದಿಬ್ಬ ಬಿಟ್ಟು ಪ್ಯಾಡ್ ಉಜ್ಜುವ ಜಾಗದಲ್ಲಿ ಅಳೆಯಿರಿ. ಹೊಸ ಡಿಸ್ಕ್ ಹಾಕುವ ಮೊದಲು ಹಬ್‌ನ (ಡಿಸ್ಕ್ ಕೂರುವ ಭಾಗದ) ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಅಲ್ಲಿ ಉಳಿದ ತುಕ್ಕಿನ ಒಂದು ಚೂರು ಡಿಸ್ಕನ್ನು ವಾಲಿಸಿ, ಕೆಲವು ಸಾವಿರ ಕಿಲೋಮೀಟರಿನಲ್ಲಿ ಪೆಡಲ್ ನಡುಗಿಸುತ್ತದೆ. ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ.

ಹಳೆಯ ಪ್ಯಾಡುಗಳಲ್ಲಿ ಒಂದು ಸವೆದು ಇನ್ನೊಂದು ದಪ್ಪಗಿದ್ದರೆ ಕ್ಯಾಲಿಪರಿನ ಸ್ಲೈಡ್ ಪಿನ್ ಹಿಡಿದುಕೊಂಡಿದೆ ಎಂದರ್ಥ. ಅದನ್ನು ಬಿಡಿಸದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ. ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ. ಮಾಮೂಲಿ ಗ್ರೀಸ್, ಪೆಟ್ರೋಲ್, ಸೀಮೆಎಣ್ಣೆ ತಾಗಿದರೆ ಕ್ಯಾಲಿಪರಿನ ರಬ್ಬರ್ ಉಬ್ಬಿ ಪಿನ್ನೂ ಪಿಸ್ಟನ್ನೂ ಸಿಕ್ಕಿಕೊಳ್ಳುತ್ತವೆ.

ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ಒತ್ತುವಾಗ ಬ್ಲೀಡರ್ (ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ತೆರೆದು, ಪೈಪ್ ಹಾಕಿ, ಕೊಳಕು ಆಯಿಲನ್ನು ಬಾಟಲಿಗೆ ಬಿಡಿ. ಒತ್ತುವುದು ನಿಂತ ತಕ್ಷಣ ಬ್ಲೀಡರ್ ಮುಚ್ಚಿ. ಹೋಸ್ ಹಳತಾಗಿದ್ದರೆ ಈಗಲೇ ಬದಲಿಸಿ. ಒಳಗೆ ಉಬ್ಬಿದ ಹೋಸ್ ಒತ್ತಡವನ್ನು ಹೋಗಲು ಬಿಟ್ಟು ವಾಪಸು ಬಿಡುವುದಿಲ್ಲ, ಚಕ್ರ ಬಿಸಿಯಾಗುತ್ತಲೇ ಇರುತ್ತದೆ. ಪೆಡಲ್ ತುಳಿಸಿ ಆಯಿಲಿನೊಳಗೆ ಸೇರಿದ ಏರ್ ತೆಗೆಯುವಾಗ ಪೆಡಲ್ ಅಡಿ ಒಂದು ಮರದ ತುಂಡಿಡಿ. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ (ಪೆಡಲ್ ತುಳಿದಾಗ ಆಯಿಲ್ ತಳ್ಳುವ ಸಿಲಿಂಡರ್) ಎಂದೂ ಬಳಕೆಯಾಗದ ಕೊನೆಯ ಭಾಗ ತುಕ್ಕು ಹಿಡಿದಿರುತ್ತದೆ, ಪೆಡಲನ್ನು ತಳದವರೆಗೆ ತುಳಿದರೆ ಅದರ ರಬ್ಬರ್ ಅಲ್ಲಿ ಹರಿಯುತ್ತದೆ. ಡಬ್ಬಿಯಲ್ಲಿ ಆಯಿಲ್ ತಳಮುಟ್ಟಿದರೆ ಮತ್ತೆ ಮೊದಲಿನಿಂದ ಶುರು.

ಕಾರು ಒಂದಡಿ ಸರಿಯುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ, ಮೊದಲ ಒಂದೆರಡು ತುಳಿತಕ್ಕೆ ಬ್ರೇಕೇ ಇರುವುದಿಲ್ಲ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 20ಕ್ಕೆ ಹದವಾಗಿ ಹತ್ತು ಹದಿನೈದು ಸಲ ಇಳಿಸಿ, ನಡುನಡುವೆ ಡಿಸ್ಕ್ ತಣಿಯಲು ಬಿಡಿ. ಬಿಸಿ ಡಿಸ್ಕಿನ ಮೇಲೆ ಬ್ರೇಕ್ ಒತ್ತಿಹಿಡಿದು ನಿಲ್ಲಬೇಡಿ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ವೀಲ್ ನಟ್‌ಗಳನ್ನು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಟಾರ್ಕ್ ನೋಡಿ ಬಿಗಿಯಿರಿ.