ಸರ್ಕಾರಿ ನೆರವು ಮತ್ತು ಸಾಲ ಯೋಜನೆಗಳನ್ನು ಅಂತರ್ಜಾಲದಲ್ಲಿ ಹುಡುಕುವ ಬಗೆ

ಮೊದಲು ಮೈಸ್ಕೀಮ್ ಜಾಲತಾಣವನ್ನು ತೆರೆಯಿರಿ. 2022ರಲ್ಲಿ ಆರಂಭವಾದ ಈ ತಾಣದಲ್ಲಿ ವಯಸ್ಸು, ಲಿಂಗ, ರಾಜ್ಯ, ಜಾತಿ ವರ್ಗ, ಉದ್ಯೋಗ ಮುಂತಾದ ವಿವರಗಳನ್ನು ಒಂದೊಂದಾಗಿ ತುಂಬುತ್ತಾ ಹೋದರೆ, ನಿಮಗೆ ಅನ್ವಯಿಸಬಹುದಾದ ಕೇಂದ್ರ ಹಾಗೂ ರಾಜ್ಯ ಯೋಜನೆಗಳ ಪಟ್ಟಿ ಕಾಣಿಸುತ್ತದೆ. ಯೋಜನೆ ಪಟ್ಟಿಯಲ್ಲಿ ಬಂದ ಮಾತ್ರಕ್ಕೆ ಮಂಜೂರಾತಿ ಸಿಕ್ಕಂತಲ್ಲ. ಅದರ ಪುಟದಲ್ಲಿರುವ ಅರ್ಹತೆ, ಬೇಕಾದ ದಾಖಲೆಗಳು ಮತ್ತು ಅರ್ಜಿ ಸಲ್ಲಿಸುವ ವಿಧಾನವನ್ನು ಪೂರ್ತಿ ಓದಿ, ಆದಾಯ ಪ್ರಮಾಣಪತ್ರದಂತಹ, ಅವಧಿ ಮುಗಿಯುವ ದಾಖಲೆಗಳನ್ನು ಮೊದಲೇ ಹೊಸದಾಗಿ ಪಡೆದಿಟ್ಟುಕೊಳ್ಳುವುದು ಲೇಸು.

ಸಾಲಕ್ಕಾದರೆ ಜನ ಸಮರ್ಥ್ ತಾಣವೇ ಹೆಚ್ಚು ಉಪಯುಕ್ತ. ಶಿಕ್ಷಣ, ಕೃಷಿ, ವ್ಯಾಪಾರ ಮುಂತಾದ ಸರ್ಕಾರಿ ಯೋಜನೆಗಳ ಸಾಲಕ್ಕೆ ಅರ್ಹತೆಯನ್ನು ಅಲ್ಲಿಯೇ ಪರಿಶೀಲಿಸಿ, ಬ್ಯಾಂಕನ್ನು ಆರಿಸಿಕೊಂಡು ಅರ್ಜಿ ಹಾಕಬಹುದು. ಸಾಲ ಕೊಡುವುದು, ಬಿಡುವುದು ಮಾತ್ರ ಬ್ಯಾಂಕಿನ ತೀರ್ಮಾನ. ಸಾಲ ಕೊಡಿಸುವೆನೆಂದು ಮುಂಗಡ ಕೇಳುವವರಿಗೆ ಹಣವನ್ನಾಗಲಿ, ಒಟಿಪಿಯನ್ನಾಗಲಿ ಕೊಡಬೇಡಿ.