ರೂಟ್ ಸರಿದರೂ ವೇಷ ಕದಲದಿರಲಿ

ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ತೆಂಕುತಿಟ್ಟು ಯಕ್ಷಗಾನದ ಪುಂಡುವೇಷವೊಂದನ್ನು ಅನಿಮೇಟ್ ಮಾಡಿದ್ದೀರಿ ಎಂದುಕೊಳ್ಳಿ. ದಿಗಿಣ ಹಾರುತ್ತಾ ವೇಷ ರಂಗಸ್ಥಳದ ಆ ತುದಿಗೆ ಹೋಗಿದೆ. ಇಡೀ ವೇಷವನ್ನು ಹೊರುವ ಹಿಡಿಕೆ, ಅಂದರೆ ರೂಟ್ ಕಂಟ್ರೋಲ್ ಮಾತ್ರ ಚೌಕಿಯ ಕಡೆಯೇ ಉಳಿದಿದೆ. ಅದನ್ನು ವೇಷದ ಕಾಲಬುಡಕ್ಕೆ ತರಲು ಹೋದರೆ ಸೊಂಟ, ಕೈ, ಪಾದದ ಕಂಟ್ರೋಲ್‌ಗಳೆಲ್ಲ ಅದರ ಹಿಂದೆಯೇ ಹೊರಡುತ್ತವೆ. ಒಂದೊಂದನ್ನೇ ಕೈಯಿಂದ ಸರಿ ಮಾಡುತ್ತಾ ಕೂರಬೇಡಿ. ಪುಟ್ಟ ಪೈಥಾನ್ ಸ್ಕ್ರಿಪ್ಟ್ ಸಾಕು.

ಮೊದಲು ಲೆಕ್ಕ ತಿಳಿದಿರಲಿ. ಉಡುಪಿಯ ರಥಬೀದಿಯಲ್ಲಿ ತೇರಿನೊಳಗೆ ಕುಳಿತ ಅರ್ಚಕರು ತೇರಿನ ಲೆಕ್ಕದಲ್ಲಿ ಕದಲಿಲ್ಲ, ಬೀದಿಯ ಲೆಕ್ಕದಲ್ಲಿ ಮುಂದೆ ಬಂದಿದ್ದಾರೆ ಅಲ್ವಾ? ಮೊದಲನೆಯದು ಲೋಕಲ್, ಎರಡನೆಯದು ವರ್ಲ್ಡ್. ನಮಗೆ ಬೇಕಾದದ್ದು ವರ್ಲ್ಡ್ ಲೆಕ್ಕ.

ವೇಷದ ಎಲುಬುಗೂಡು ಆರ್ಮೇಚರ್, ಅದರ ಒಂದೊಂದು ಎಲುಬು ಬೋನ್; ಪ್ರತಿ ಕಂಟ್ರೋಲೂ ಒಂದು ಬೋನೇ. ಅದರ ಜಾಗ, ತಿರುಗುವಿಕೆ, ಅಳತೆಯನ್ನು ಹಿಡಿದಿಡುವ ಅಂಕಿಗಳ ಕೋಷ್ಟಕವೇ ಮ್ಯಾಟ್ರಿಕ್ಸ್. ಸುಮ್ನೆ ಪೋಸ್ ಬೋನ್‌ನ ಮ್ಯಾಟ್ರಿಕ್ಸ್ ಓದಿದರೆ ಆರ್ಮೇಚರ್‌ನ ಲೆಕ್ಕ ಸಿಗುತ್ತದೆ. ಆರ್ಮೇಚರ್‌ನ ವರ್ಲ್ಡ್ ಮ್ಯಾಟ್ರಿಕ್ಸ್ ಎಡಕ್ಕೆ, ಬೋನ್‌ನದ್ದು ಬಲಕ್ಕೆ ಇಟ್ಟು ಗುಣಿಸಿ. 2019ರಲ್ಲಿ ಬಂದ 2.80 ಆವೃತ್ತಿಯಿಂದ ಇದಕ್ಕೆ ನಕ್ಷತ್ರದ (*) ಬದಲು ‘@’ ಗುರುತು ಬಳಸಬೇಕು. ಎಡಬಲ ಅದಲುಬದಲಾದರೆ ಉತ್ತರವೇ ಬೇರೆ. ಹೀಗೆ ಪ್ರತಿ ಕಂಟ್ರೋಲ್‌ನ ಬೆಲೆಯನ್ನು, ಬೇಕಾದ ಎಲ್ಲಾ ಫ್ರೇಮ್‌ಗಳಲ್ಲೂ, ರೂಟನ್ನು ಮುಟ್ಟುವ ಮೊದಲೇ ಬರೆದಿಟ್ಟುಕೊಳ್ಳಿ. ಒಂದು ಫ್ರೇಮ್ ಓದಿ, ರೂಟಿಗೆ ಕೀ ಹಾಕಿ (ಅಂದರೆ ಆ ಫ್ರೇಮ್‌ನ ಬೆಲೆಯನ್ನು ದಾಖಲಿಸಿ), ಮುಂದಿನದಕ್ಕೆ ಹೋದರೆ ಹೊಸ ಕೀ ಅಲ್ಲಿನ ಪೋಸನ್ನೂ ಎಳೆದಿರುತ್ತದೆ.

ಈಗ ಕಂಟ್ರೋಲ್‌ಗಳನ್ನು ಸಾಲಾಗಿ ಜೋಡಿಸಿ. ಮೇಲೆ ಕಡಿಮೆ ಪೇರೆಂಟ್ (ತನ್ನ ಜೊತೆ ಎಳೆದೊಯ್ಯುವ ಬೋನ್) ಇರುವುದು ಮುಂದೆ, ಜಾಸ್ತಿ ಇರುವುದು ಹಿಂದೆ. ಸ್ಕ್ರಿಪ್ಟ್ ಕೆಡುವುದು ಹೆಚ್ಚಾಗಿ ಇಲ್ಲೇ. ಅಂಗೈಯನ್ನು ಮೊದಲು ಕೂರಿಸಿ, ಆಮೇಲೆ ಸೊಂಟ ಸರಿಸಿದರೆ ಅಂಗೈ ಮತ್ತೆ ಜಾರುತ್ತದೆ.

ರೂಟನ್ನು ಹೊಸ ಜಾಗಕ್ಕೆ ಸರಿಸಿ, ವ್ಯೂ ಲೇಯರ್ ಅಪ್‌ಡೇಟ್ ಕರೆಯಿರಿ. ನಂತರ ಆರ್ಮೇಚರ್‌ನ ವರ್ಲ್ಡ್ ಮ್ಯಾಟ್ರಿಕ್ಸ್‌ನ ಇನ್ವರ್ಸನ್ನು (ಅದರ ಕೆಲಸವನ್ನು ಹಿಂದಿರುಗಿಸುವ ಮ್ಯಾಟ್ರಿಕ್ಸನ್ನು) ಬರೆದಿಟ್ಟ ಬೆಲೆಯ ಎಡಕ್ಕೆ ಗುಣಿಸಿ, ಬಂದದ್ದನ್ನು ಬೋನ್‌ನ ಮ್ಯಾಟ್ರಿಕ್ಸ್‌ಗೆ ಕೊಡಿ. ಪ್ರತಿ ಕಂಟ್ರೋಲ್ ಆದ ಮೇಲೂ ಅಪ್‌ಡೇಟ್ ಬೇಕು. ಬ್ಲೆಂಡರ್ ಲೋಕಲ್ ಬೆಲೆಯನ್ನು ಪೇರೆಂಟ್‌ನಿಂದ ಲೆಕ್ಕ ಹಾಕುತ್ತದೆ. ಅಪ್‌ಡೇಟ್ ಆಗದಿದ್ದರೆ ಅದರ ಕಣ್ಣಿಗೆ ಪೇರೆಂಟ್ ಇನ್ನೂ ಹಳೆಯ ಜಾಗದಲ್ಲೇ ಇರುತ್ತದೆ. ಸ್ಕ್ರಿಪ್ಟ್ ನಿಧಾನವಾಗುತ್ತದೆ, ಆಗಲಿ. ಫ್ರೇಮ್ ಬದಲಿಸುವ ಮೊದಲು ರೂಟಿಗೂ ಉಳಿದವಕ್ಕೂ ಕೀ ಹಾಕಿ. ತಿರುಗುವಿಕೆಗೆ ಕ್ವಾಟರ್ನಿಯನ್ನೋ ಆಯ್ಲರೋ (ಇವು ತಿರುಗುವಿಕೆಯನ್ನು ಅಂಕಿಗಳಲ್ಲಿ ಬರೆಯುವ ಬಗೆಗಳು), ಆ ಬೋನ್‌ನ ಮೋಡ್ ನೋಡಿಯೇ ಹಾಕಿ.

ಮಾಯಾ ಎಂಬ ಇನ್ನೊಂದು ಅನಿಮೇಷನ್ ತಂತ್ರಾಂಶದಲ್ಲಿ ಎಕ್ಸ್‌ಫಾರ್ಮ್ ಕಮಾಂಡ್‌ಗೆ ವರ್ಲ್ಡ್ ಸ್ಪೇಸ್ ಎಂದು ಹೇಳಿದರೆ ಗುಣಾಕಾರದ ಕೆಲಸ ತಪ್ಪುತ್ತದೆ. ಪೇರೆಂಟ್ ಮೊದಲು ಎಂಬ ಕ್ರಮ ಮಾತ್ರ ಅಲ್ಲೂ ಬೇಕು.

ಕೆಲವು ಕಡೆ ಈ ಉಪಾಯ ನಡೆಯುವುದಿಲ್ಲ. ಪೇರೆಂಟ್‌ಗೆ ಅಂಟಿಕೊಂಡ, ಅಂದರೆ ಕನೆಕ್ಟೆಡ್ ಆದ ಬೋನ್ ಜಾಗ ಬದಲಿಸದು, ತಿರುಗುತ್ತದೆ ಅಷ್ಟೇ. ಹಾಗಾಗಿ ಅಂಗೈ, ಪಾದಗಳಿಗೆ ಐಕೆ ಕಂಟ್ರೋಲ್‌ಗಳನ್ನೇ (ತಾವು ಹೋದಲ್ಲಿಗೆ ಇಡೀ ಕೈಕಾಲನ್ನು ಬಾಗಿಸಿ ತರುವಂಥವನ್ನು) ಆರಿಸಿ. ಕನ್ಸ್‌ಟ್ರೇಂಟ್, ಅಂದರೆ ಚಲನೆಗೆ ಹಾಕಿದ ಕಟ್ಟು ಇರುವ ಬೋನ್‌ಗೆ ಕೊಟ್ಟ ಮ್ಯಾಟ್ರಿಕ್ಸ್ ಮೇಲೆ ಕನ್ಸ್‌ಟ್ರೇಂಟ್ ಮತ್ತೊಮ್ಮೆ ಕೆಲಸ ಮಾಡುತ್ತದೆ. ಅಂಥವನ್ನು ಪಟ್ಟಿಯಿಂದ ಹೊರಗಿಟ್ಟು, ಬರೆದಿಟ್ಟ ಬೆಲೆಯನ್ನೂ ಈಗಿನ ಬೆಲೆಯನ್ನೂ ಪ್ರಿಂಟ್ ಮಾಡಿ ಹೋಲಿಸಿ.